ಪಿಯುಸಿಯಲ್ಲಿ 96, ರಿಯಲ್ ಅನಾಲಿಸಿಸ್‌ನಲ್ಲಿ 20ಕ್ಕೆ 7: ತಪ್ಪು ಮೇಷ್ಟ್ರದೋ, ನನ್ನದೋ?

ಪ್ರಶ್ನೆ: ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ದಿನಾ ಸಕಲೇಶಪುರದಿಂದ ಬಸ್ಸಿನಲ್ಲಿ ಓಡಾಟ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ದ್ವಿತೀಯ ಪಿಯುಸಿ ಗಣಿತದಲ್ಲಿ 96 ಬಂದಿತ್ತು. ಈಗ ರಿಯಲ್ ಅನಾಲಿಸಿಸ್‌ನ (ಲಿಮಿಟ್, ಸೀರೀಸ್‌ಗಳನ್ನು ಪ್ರೂಫ್ ಸಮೇತ ಓದುವ ಗಣಿತ ಪೇಪರ್) ಮೊದಲ ಇಂಟರ್ನಲ್‌ನಲ್ಲಿ 20ಕ್ಕೆ 7. ಪ್ರೊಫೆಸರ್ ಬೋರ್ಡ್ ತುಂಬ ಬರೆಯುತ್ತಾರೆ, ‘ದಿಸ್ ಈಸ್ ಕ್ಲಿಯರ್’ ಅಂತ ಮುಂದೆ ಹೋಗಿಬಿಡುತ್ತಾರೆ. ಸೀನಿಯರ್ ಒಬ್ಬರು ‘ಇಂಥ ಮೇಷ್ಟ್ರು ಇನ್ನೊಬ್ಬರು ಸಿಗಲ್ಲ’ ಅಂದರು. ಇನ್ನೊಬ್ಬರು ‘ಪ್ರೂಫ್ ಬಾಯಿಪಾಠ ಮಾಡು, ಪಾಸಾದರೆ ಸಾಕು’ ಅಂದರು. ಯಾರ ಮಾತು ಕೇಳಲಿ? ಪರೀಕ್ಷೆಗೆ ಇನ್ನು ಎಂಟು ವಾರ ಇದೆ.

ಉತ್ತರ: ಇಬ್ಬರೂ ನಿಜವನ್ನೇ ಹೇಳಿದ್ದಾರೆ. ಆದರೆ ಅವರು ಹೇಳಿದ್ದರಲ್ಲಿ ಮೇಷ್ಟ್ರಿಗಿಂತ ಅವರವರು ಓದಿದ ರೀತಿಯೇ ಹೆಚ್ಚು ಕಾಣುತ್ತದೆ. ಈ ಪಾಠದಲ್ಲಿ ಬೋರ್ಡಿನ ಮೇಲೆ ಬರುವುದು ಫೇರ್ ಕಾಪಿ. ಆ ಪ್ರೂಫ್ ಹುಟ್ಟಿದ ರಫ್ ಹಾಳೆ ಮೇಷ್ಟ್ರ ತಲೆಯಲ್ಲೇ ಉಳಿದಿರುತ್ತದೆ. ವರ್ಷಗಟ್ಟಲೆ ಅದೇ ಪಾಠ ಮಾಡಿದವರಿಗೆ ಅಂಥದ್ದೊಂದು ಹಾಳೆ ಇತ್ತು ಅನ್ನುವುದೂ ಮರೆತುಹೋಗಿರುತ್ತದೆ. ಮನೆಗೆ ಹೋಗಿ ಆ ರಫ್ ಕೆಲಸವನ್ನು ತಾವೇ ಮಾಡಿಕೊಂಡವರಿಗೆ ಮೇಷ್ಟ್ರು ಅದ್ಭುತ ಅನ್ನಿಸುತ್ತಾರೆ, ಯಾಕೆಂದರೆ ಅವರ ಫೇರ್ ಕಾಪಿಯಲ್ಲಿ ಒಂದು ಸಾಲೂ ದಂಡ ಇರುವುದಿಲ್ಲ. ಬೋರ್ಡನ್ನಷ್ಟೇ ಇಳಿಸಿಕೊಂಡವರಿಗೆ ಬಾಯಿಪಾಠ ಬಿಟ್ಟರೆ ದಾರಿಯಿಲ್ಲ.

ಹಾಗಾಗಿ ಸೀನಿಯರ್‌ಗಳನ್ನು ‘ಸರ್ ಹೇಗೆ?’ ಅಂತ ಕೇಳಿದರೆ ಪ್ರಯೋಜನ ಕಡಿಮೆ. ಅವರ ಹಳೆಯ ಬ್ಲೂ ಬುಕ್ (ಇಂಟರ್ನಲ್‌ನ ಉತ್ತರಪುಸ್ತಿಕೆ) ಕೇಳಿ. ಕೆಂಪು ಇಂಕು ಯಾವ ಸಾಲಿನ ಮೇಲೆ ಬಿದ್ದಿದೆ, ಉತ್ತರ ಸರಿಯಿದ್ದರೂ ಎಲ್ಲಿ ಅಂಕ ಕತ್ತರಿಸಿದ್ದಾರೆ ಅನ್ನುವುದನ್ನು ನೋಡಿ. ಎರಡು ಬ್ಲೂ ಬುಕ್ ನೋಡಿದರೆ ಆ ಪ್ರೊಫೆಸರ್‌ಗೆ ಏನು ಬೇಕು ಅನ್ನುವುದು ಹತ್ತು ಜನರ ಅಭಿಪ್ರಾಯಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ನಿಮ್ಮ 96 ಸುಳ್ಳೇನಲ್ಲ. ಅಲ್ಲಿ ಪ್ರಶ್ನೆಗಳು ಹೆಚ್ಚಾಗಿ ‘ಕಂಡುಹಿಡಿಯಿರಿ’ ಎಂದು ಮುಗಿಯುತ್ತಿದ್ದವು, ಇಲ್ಲಿ ‘ಸಾಧಿಸಿ’ ಎಂದು ಮುಗಿಯುತ್ತವೆ. ಪಿಯುಸಿ ಪುಸ್ತಕದಲ್ಲೂ ಲಿಮಿಟ್ ಇದೆ, ಆದರೆ ಅದು ಕಣ್ಣಂದಾಜಿನ ಲಿಮಿಟ್: ಬೆಲೆ ಹಾಕಿ ನೋಡು, ಹತ್ತಿರ ಬರುತ್ತಿದೆಯಲ್ಲ, ಸರಿ. ಇಲ್ಲಿ ‘ಹತ್ತಿರ’ ಅಂದರೆ ಎಷ್ಟು ಹತ್ತಿರ, ‘ಬರುತ್ತಿದೆ’ ಅಂದರೆ ಎಲ್ಲಿಂದಾಚೆಗೆ ಎಂದು ಕೇಳುತ್ತಾರೆ. ಎಂಜಿನಿಯರಿಂಗ್ ಸೇರಿದ ಗೆಳತಿ ‘ನಮ್ಮ ಮ್ಯಾಥ್ಸ್ ಸುಲಭ ಕಣೇ’ ಅಂದರೆ ಹೋಲಿಸಿಕೊಳ್ಳಲು ಹೋಗಬೇಡಿ, ಅವರ ಪೇಪರಿನಲ್ಲಿ ಲೆಕ್ಕ ಮಾಡುವುದೇ ಹೆಚ್ಚು.

ರಫ್ ಹಾಳೆ ಅಂದರೇನು ಎಂದು ಒಂದು ಲೆಕ್ಕದಲ್ಲೇ ನೋಡೋಣ. ಒಂದು ಸೀಕ್ವೆನ್ಸ್‌ನ, ಅಂದರೆ ಸಾಲಾಗಿ ಬರುವ ಸಂಖ್ಯೆಗಳ, ಎನ್-ನೇ ಪದ (3ಎನ್ + 1)/(2ಎನ್ − 7). ಇದರ ಲಿಮಿಟ್ 3/2 ಎಂದು ಸಾಧಿಸಬೇಕು. ‘ಎಷ್ಟು ಹತ್ತಿರ’ ಅನ್ನುವ ಅಳತೆಗೆ ಎಪ್ಸಿಲಾನ್ ಎನ್ನುತ್ತಾರೆ. ‘ಎಲ್ಲಿಂದಾಚೆಗೆ’ ಅನ್ನುವ ಗಡಿಗೆ ನಿಮ್ಮ ನೋಟ್ಸಿನಲ್ಲಿ ಕ್ಯಾಪಿಟಲ್ ಎನ್ ಇರಬಹುದು. ಸ್ಮಾಲ್ ಎನ್ ಜೊತೆ ಕಲಸಿಹೋಗದಿರಲಿ ಎಂದು ಇಲ್ಲಿ ಅದನ್ನು ‘ಕೆ’ ಎನ್ನುತ್ತೇನೆ. ಬೋರ್ಡಿನ ಮೇಲೆ ಸುಮಾರಾಗಿ ಹೀಗೆ ಬರುತ್ತದೆ:

ಎಪ್ಸಿಲಾನ್ > 0 ಇರಲಿ. ಕೆ ≥ 7 ಮತ್ತು ಕೆ > 23/(2 × ಎಪ್ಸಿಲಾನ್) ಆಗುವಂಥ ಸ್ವಾಭಾವಿಕ ಸಂಖ್ಯೆ ಕೆ ಆರಿಸಿ. ಎನ್ ≥ ಕೆ ಆದಾಗ,
|(3ಎನ್ + 1)/(2ಎನ್ − 7) − 3/2| = 23/(2(2ಎನ್ − 7)) ≤ 23/(2ಎನ್) < ಎಪ್ಸಿಲಾನ್.

ಮೂರು ಸಾಲು. ನೋಡಿದವರಿಗೆ ಬರುವ ಮೊದಲ ಪ್ರಶ್ನೆ, ಆ 23 ಎಲ್ಲಿಂದ ಬಂತು, 7 ಎಲ್ಲಿಂದ ಬಂತು? ಉತ್ತರ ರಫ್ ಹಾಳೆಯಲ್ಲಿದೆ, ಮತ್ತು ಅದನ್ನು ಬರೆಯುವುದು ಕೆಳಗಿನಿಂದ ಮೇಲಕ್ಕೆ. ಮೊದಲು ವ್ಯತ್ಯಾಸ ತೆಗೆಯಿರಿ. ಛೇದ ಸಮ ಮಾಡಿದರೆ ಅಂಶದಲ್ಲಿ 2(3ಎನ್ + 1) − 3(2ಎನ್ − 7). ಆರು ಎನ್‌ಗಳು ಹೊಡೆದುಹೋಗಿ 2 + 21 = 23 ಉಳಿಯುತ್ತದೆ. ಛೇದದಲ್ಲಿ 2(2ಎನ್ − 7). ಇದು ಎಪ್ಸಿಲಾನ್‌ಗಿಂತ ಚಿಕ್ಕದಾಗಬೇಕು. 2ಎನ್ − 7 ಇಟ್ಟುಕೊಂಡೇ ಹೋಗಬಹುದು, ಆದರೆ ರಗಳೆ. ಬರೀ ಎನ್ ಇದ್ದಿದ್ದರೆ ಸುಲಭವಿತ್ತು. 2ಎನ್ − 7 ≥ ಎನ್ ಆಗುವುದು ಯಾವಾಗ? ಎನ್ ≥ 7 ಆದಾಗ. ಅಲ್ಲಿಗೆ 7 ಸಿಕ್ಕಿತು. ಆಮೇಲೆ 23/(2ಎನ್) < ಎಪ್ಸಿಲಾನ್ ಅನ್ನುವುದನ್ನು ತಿರುಗಿಸಿದರೆ ಎನ್ > 23/(2 × ಎಪ್ಸಿಲಾನ್). ಅಂಥ ಸ್ವಾಭಾವಿಕ ಸಂಖ್ಯೆ ಇದ್ದೇ ಇದೆ ಎನ್ನುವುದಕ್ಕೆ ಆರ್ಕಿಮಿಡಿಯನ್ ಗುಣವೇ (ಯಾವ ಸಂಖ್ಯೆ ಕೊಟ್ಟರೂ ಅದಕ್ಕಿಂತ ದೊಡ್ಡ ಸ್ವಾಭಾವಿಕ ಸಂಖ್ಯೆ ಇದೆ ಅನ್ನುವುದು) ಆಧಾರ. ಪರೀಕ್ಷೆಯಲ್ಲಿ ಆ ಹೆಸರನ್ನು ಒಂದು ಸಾಲಿನಲ್ಲಿ ಬರೆಯಿರಿ.

ಇಷ್ಟಕ್ಕೇ ಬಿಡಬೇಡಿ, ಸಂಖ್ಯೆ ಹಾಕಿ ತಟ್ಟಿ ನೋಡಿ. ಎಪ್ಸಿಲಾನ್ 0.01 ಆದರೆ ನಮ್ಮ ಸೂತ್ರ ಕೊಡುವ ಕೆ 1151. ನಿಜವಾಗಿ ಲೆಕ್ಕ ಹಾಕಿದರೆ 579ನೇ ಪದದಿಂದಲೇ ವ್ಯತ್ಯಾಸ 0.01ಕ್ಕಿಂತ ಕಡಿಮೆ. ಹಾಗಾದರೆ ನಮ್ಮದು ತಪ್ಪೇ? ತಪ್ಪಲ್ಲ. ಅತಿ ಚಿಕ್ಕ ಕೆ ಬೇಕೆಂದು ಯಾರೂ ಕೇಳಿಲ್ಲ, ಕೆಲಸ ಮಾಡುವ ಒಂದು ಕೆ ಸಾಕು. ಅತಿ ಚಿಕ್ಕದನ್ನೇ ಹುಡುಕಲು ಹೋಗಿ ಅರ್ಧ ಗಂಟೆ ಕಳೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅದು ಪಿಯುಸಿ ಅಭ್ಯಾಸ, ಒಂದೇ ಸರಿಯುತ್ತರ ಇರುತ್ತದೆ ಅನ್ನುವ ನಂಬಿಕೆ.

ಇನ್ನು ‘ಕೆ ≥ 7’ ಅನ್ನುವ ಮಾತನ್ನು ಬಿಟ್ಟರೆ ಏನಾಗುತ್ತದೆ? ಎಪ್ಸಿಲಾನ್ 5 ತೆಗೆದುಕೊಳ್ಳಿ. 23/10 = 2.3, ಹಾಗಾಗಿ ಕೆ = 3 ಸಾಕು ಅನ್ನಿಸುತ್ತದೆ. ಆದರೆ ಮೂರನೇ ಪದ −10, ನಾಲ್ಕನೇ ಪದ 13. ಎರಡೂ 3/2ರಿಂದ 11.5 ದೂರ. ಪ್ರೂಫ್ ಅಲ್ಲೇ ಮುರಿದುಬಿತ್ತು. ಬೋರ್ಡಿನ ಮೇಲೆ ಸಣ್ಣದಾಗಿ ಬರೆದ ಷರತ್ತು ಅಲಂಕಾರಕ್ಕೆ ಇರುವುದಿಲ್ಲ. ಬ್ಲೂ ಬುಕ್‌ನಲ್ಲಿ ‘ಎಲ್ಲ ಸರಿ ಬರೆದೆ, ಆದರೂ ಒಂದು ಅಂಕ ಹೋಯಿತು’ ಅನ್ನುವ ಅಂಕ ಸಾಮಾನ್ಯವಾಗಿ ಹೋಗುವುದು ಇಲ್ಲೇ. (ಇದೇ ಸೀಕ್ವೆನ್ಸ್‌ನ ಏಳನೇ ಪದ 22/7. ಪೈಗೂ ಇದಕ್ಕೂ ಏನೂ ನಂಟಿಲ್ಲ, ಸುಮ್ಮನೆ ಹಾಗೆ ಬಂತು.)

ಈಗ ಭಾಷೆಯ ವಿಷಯ. ಕನ್ನಡ ಮಾಧ್ಯಮದಿಂದ ಬಂದದ್ದು ಈ ಪಾಠದಲ್ಲಿ ಹೊರೆ ಎಂದು ನೀವು ಅಂದುಕೊಂಡಿರಬಹುದು. ಲಿಮಿಟ್‌ನ ಡೆಫಿನಿಷನ್ ಮಟ್ಟಿಗೆ ಅದು ಅನುಕೂಲವೇ. ‘ಫಾರ್ ಎವ್ರಿ ಎಪ್ಸಿಲಾನ್ ದೇರ್ ಎಗ್ಸಿಸ್ಟ್ಸ್’ ಎಂದು ಉರುಹೊಡೆದಾಗ ಯಾರು ಯಾರನ್ನು ಅವಲಂಬಿಸಿದ್ದಾರೆ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಹೇಳಿಕೊಳ್ಳಿ: ಯಾವ ಎಪ್ಸಿಲಾನ್ ಕೊಟ್ಟರೂ ಅದಕ್ಕೆ ತಕ್ಕ ಒಂದು ಕೆ ಸಿಗುತ್ತದೆ, ಆ ಕೆಯಿಂದಾಚೆಗೆ ಎಲ್ಲ ಪದಗಳೂ ಲಿಮಿಟ್‌ನಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿರುತ್ತವೆ. ‘ಅದಕ್ಕೆ ತಕ್ಕ’ ಅನ್ನುವ ಎರಡು ಪದದಲ್ಲೇ ಪಾಠದ ಅರ್ಧ ಇದೆ. ಎಪ್ಸಿಲಾನ್ ಕೊಡುವುದು ಎದುರಾಳಿ, ಕೆ ಹುಡುಕುವುದು ನೀವು. ಎದುರಾಳಿ ಬಾಯಿಬಿಡುವ ಮುಂಚೆ ನೀವು ಕೆ ಹೇಳುವಂತಿಲ್ಲ, ಎಪ್ಸಿಲಾನ್ ಎಷ್ಟಿರಬೇಕೆಂದು ನೀವು ಆರಿಸುವಂತೆಯೂ ಇಲ್ಲ.

ಕ್ರಮ ಬದಲಾದರೆ ಅರ್ಥವೇ ಬೇರೆ. ‘ಪ್ರತಿ ಮನೆಗೂ ಒಂದು ಬೀಗದ ಕೈ ಇದೆ’ ಅನ್ನುವುದು ಬೇರೆ, ‘ಎಲ್ಲ ಮನೆಗೂ ಆಗುವ ಒಂದೇ ಬೀಗದ ಕೈ ಇದೆ’ ಅನ್ನುವುದು ಬೇರೆ. ಸೆಮಿಸ್ಟರ್ ಕೊನೆಗೋ ಮುಂದಿನ ಪೇಪರಿನಲ್ಲೋ ಯೂನಿಫಾರ್ಮ್ ಕನ್ವರ್ಜೆನ್ಸ್ (ಎಲ್ಲ ಎಕ್ಸ್‌ಗೂ ಒಂದೇ ಕೆ ಸಾಕಾಗುವುದು) ಬಂದಾಗ ಇದೇ ಎರಡು ವಾಕ್ಯಗಳು ವೇಷ ಹಾಕಿಕೊಂಡು ಬರುತ್ತವೆ. 0 ಮತ್ತು 1ರ ನಡುವೆ ಎಕ್ಸ್‌ನ ಎನ್-ನೇ ಘಾತ ತೆಗೆದುಕೊಳ್ಳಿ. ಎಕ್ಸ್ ಒಂದಕ್ಕಿಂತ ಕಡಿಮೆಯಿದ್ದರೆ ಅದು ಸೊನ್ನೆಗೆ ಇಳಿಯುತ್ತದೆ. ಎಪ್ಸಿಲಾನ್ 0.1 ಇಟ್ಟುಕೊಂಡರೆ ಎಕ್ಸ್ = 0.9ಕ್ಕೆ ಕೆ 22. 0.99ಕ್ಕೆ 230. 0.999ಕ್ಕೆ 2302. ಪ್ರತಿ ಎಕ್ಸ್‌ಗೂ ಒಂದು ಕೆ ಇದೆ, ಎಲ್ಲ ಎಕ್ಸ್‌ಗೂ ಆಗುವ ಒಂದೇ ಕೆ ಇಲ್ಲ. ಇದರಲ್ಲಿ ಎಡವಿದರೆ ಬೇಜಾರು ಬೇಡ. ಕಂಟಿನ್ಯೂಯಸ್ ಫಂಕ್ಷನ್‌ಗಳ ಸೀರೀಸ್ ಕನ್ವರ್ಜ್ ಆದರೆ, ಅಂದರೆ ಅದರ ಮೊತ್ತಕ್ಕೆ ಲಿಮಿಟ್ ಇದ್ದರೆ, ಆ ಮೊತ್ತವೂ ಕಂಟಿನ್ಯೂಯಸ್ ಎಂದು 1821ರಲ್ಲಿ ಗಣಿತಜ್ಞ ಕೋಷಿಯೇ ಬರೆದಿದ್ದ. ಅದಕ್ಕೆ ಅಪವಾದವಿದೆ ಎಂದು 1826ರಲ್ಲಿ ಏಬೆಲ್ ತೋರಿಸಿದ.

ಕೋಷಿ ಸೀಕ್ವೆನ್ಸ್ ಪಾಠದಲ್ಲೂ ಒಂದು ಹಳ್ಳವಿದೆ. ಸಕಲೇಶಪುರದ ಕಡೆಯವರಾದ್ದರಿಂದ ಕಾಫಿ ಕಣದಿಂದಲೇ ಹೇಳಬಹುದು. ಕಣದಲ್ಲಿ ಹರಡಿದ ಕಾಫಿ ಒಣಗಿತೇ ಎಂದು ತಿಳಿಯಲು ಒಂದೇ ಅಳತೆಯ ಕಾಫಿಯನ್ನು ದಿನಾ ತೂಗುತ್ತಾರೆ. ಎರಡು ದಿನ ತೂಕ ಒಂದೇ ಬಂದರೆ ಒಣಗಿತು ಎಂದು ಮೂಟೆ ಕಟ್ಟುತ್ತಾರೆ. ಕಾಫಿಗೆ ಅದು ಸರಿ. ಸೀಕ್ವೆನ್ಸ್‌ಗೆ ಅದೇ ಪರೀಕ್ಷೆ ಹಾಕಿದರೆ ಮೋಸ ಹೋಗುತ್ತೀರಿ. ಅಕ್ಕಪಕ್ಕದ ಪದಗಳ ವ್ಯತ್ಯಾಸ ಸೊನ್ನೆಗೆ ಹೋದರೆ ಸಾಲದು, ಕೆಯಿಂದಾಚೆಗಿನ ಯಾವ ಎರಡು ಪದ ಎತ್ತಿಕೊಂಡರೂ ಹತ್ತಿರವಿರಬೇಕು, ಆಗಲೇ ಅದು ಕೋಷಿ ಸೀಕ್ವೆನ್ಸ್. 1 + 1/2 + 1/3 + … ಕೂಡುತ್ತಾ ಹೋಗಿ. ಮೊತ್ತ 5 ದಾಟಲು 83 ಪದ ಬೇಕು, 10 ದಾಟಲು 12,367 ಪದ. ಆ ಹೊತ್ತಿಗೆ ಒಂದು ಪದ ಸೇರಿಸಿದರೆ ಮೊತ್ತ ಹನ್ನೆರಡು ಸಾವಿರದಲ್ಲಿ ಒಂದು ಪಾಲಿನಷ್ಟೂ ಏರುವುದಿಲ್ಲ. ತಕ್ಕಡಿ ಅಲುಗಾಡುತ್ತಿಲ್ಲ, ಆದರೂ ಇದು ನಿಲ್ಲುವ ಸೀರೀಸ್ ಅಲ್ಲ. ಕಾರಣ ಒಂದೇ ಸಾಲಿನಲ್ಲಿದೆ: ಎನ್ ಪದಗಳ ಮೊತ್ತದಿಂದ 2ಎನ್ ಪದಗಳ ಮೊತ್ತಕ್ಕೆ ಹೋಗುವಾಗ ಎನ್ ಹೊಸ ಪದಗಳು ಸೇರುತ್ತವೆ, ಒಂದೊಂದೂ ಕನಿಷ್ಠ 1/(2ಎನ್), ಹಾಗಾಗಿ ಏರಿಕೆ ಕನಿಷ್ಠ ಅರ್ಧ. ಎಷ್ಟು ದೂರ ಹೋದರೂ ಅರ್ಧ. ‘ಪದ ಸೊನ್ನೆಗೆ ಹೋಗುತ್ತದೆ, ಆದ್ದರಿಂದ ಸೀರೀಸ್ ಕನ್ವರ್ಜೆಂಟ್’ ಎಂಬ ಸಾಲು ಬರೆದರೆ ಆ ಪ್ರಶ್ನೆಯ ಅಂಕ ಪೂರ್ತಿ ಹೋಯಿತೆಂದೇ ಲೆಕ್ಕ. ಅಕ್ಕಪಕ್ಕದ ಪದಗಳ ಅನುಪಾತ ನೋಡುವ ರೇಷಿಯೋ ಟೆಸ್ಟ್‌ನಲ್ಲಿ ಲಿಮಿಟ್ 1 ಬಂದಾಗ ತೀರ್ಮಾನ ಬರೆಯುವುದೂ ಅಷ್ಟೇ. 1/ಎನ್ ಮತ್ತು 1/ಎನ್-ವರ್ಗ ಎರಡಕ್ಕೂ 1 ಬರುತ್ತದೆ, ಒಂದು ಡೈವರ್ಜೆಂಟ್, ಇನ್ನೊಂದು ಕನ್ವರ್ಜೆಂಟ್.

ಹಾಗಾದರೆ ಬಾಯಿಪಾಠವೇ ಬೇಡವೇ? ಬೇಕು. ಆದರೆ ನಿಮ್ಮ ಎರಡನೇ ಸೀನಿಯರ್ ಹೇಳಿದ್ದಕ್ಕೆ ತದ್ವಿರುದ್ಧವಾಗಿ. ಡೆಫಿನಿಷನ್ ಮತ್ತು ಥಿಯರಮ್‌ನ ಹೇಳಿಕೆ ಅಕ್ಷರ ತಪ್ಪದೆ ಬಾಯಿಗೆ ಬರಬೇಕು, ಪ್ರೂಫ್ ಬಾಯಿಗೆ ಬರಬೇಕಿಲ್ಲ. ಪ್ರೂಫ್‌ನಲ್ಲಿ ನೆನಪಿಡಬೇಕಾದದ್ದು ಒಂದೋ ಎರಡೋ ತಿರುವು. ಬೊಲ್ಜಾನೊ–ವಯರ್‌ಸ್ಟ್ರಾಸ್ ಥಿಯರಮ್‌ನ (ಬೌಂಡೆಡ್ ಸೀಕ್ವೆನ್ಸ್‌ನಿಂದ ಕನ್ವರ್ಜ್ ಆಗುವ ಸೀಕ್ವೆನ್ಸ್ ಒಂದನ್ನು ಆರಿಸಬಹುದು ಅನ್ನುವುದು) ಪ್ರೂಫ್‌ನಲ್ಲಿ ‘ಇಂಟರ್ವಲ್ ಅರ್ಧ ಮಾಡು, ಅನಂತ ಪದಗಳಿರುವ ಅರ್ಧ ಇಟ್ಟುಕೋ’ ಅನ್ನುವುದು ನೆನಪಿದ್ದರೆ ಮಿಕ್ಕದ್ದನ್ನು ಕೂತು ಕಟ್ಟಬಹುದು. ಬಸ್ಸಿನಲ್ಲಿ ಪುಸ್ತಕ ಬಿಚ್ಚುವುದು ಬೇಡ, ಘಾಟಿ ರಸ್ತೆಯಲ್ಲದಿದ್ದರೂ ತಲೆ ತಿರುಗುತ್ತದೆ. ಕಣ್ಣು ಮುಚ್ಚಿ ಒಂದು ಡೆಫಿನಿಷನ್ ಹೇಳಿಕೊಳ್ಳಿ, ಆಮೇಲೆ ಅದರ ನಿಷೇಧ ಹೇಳಿಕೊಳ್ಳಿ. ಲಿಮಿಟ್ ಅಲ್ಲ ಅಂದರೆ: ಯಾವುದೋ ಒಂದು ಎಪ್ಸಿಲಾನ್ ಇದೆ, ಎಷ್ಟು ದೊಡ್ಡ ಕೆ ಕೊಟ್ಟರೂ ಅದರಾಚೆ ಒಂದು ಪದ ಸಿಗುತ್ತದೆ, ಅದರ ವ್ಯತ್ಯಾಸ ಎಪ್ಸಿಲಾನ್‌ಗಿಂತ ಕಡಿಮೆ ಇರುವುದಿಲ್ಲ. ‘ಯಾವುದು ಕೊಟ್ಟರೂ’ ಇದ್ದಲ್ಲಿ ‘ಒಂದು ಇದೆ’ ಬಂತು, ‘ಒಂದು ಇದೆ’ ಇದ್ದಲ್ಲಿ ‘ಯಾವುದು ಕೊಟ್ಟರೂ’ ಬಂತು. ಇದು ತಡವರಿಸದೆ ಬಂದರೆ ‘ಕನ್ವರ್ಜೆಂಟ್ ಅಲ್ಲ ಎಂದು ತೋರಿಸಿ’ ಬಗೆಯ ಪ್ರಶ್ನೆಗಳು ಕೈಗೆ ಸಿಗುತ್ತವೆ.

ನೋಟ್ಸ್‌ಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ತರಗತಿಯಲ್ಲಿ ಬಲಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ಖಾಲಿ ಬಿಡಿ. ಅದೇ ಸಂಜೆ, ಮರೆಯುವ ಮುಂಚೆ, ಎಡಪುಟದಲ್ಲಿ ರಫ್ ಕೆಲಸ ಕಟ್ಟಿ. ಮುಕ್ಕಾಲು ಗಂಟೆ ಸಾಕು. ವಾರದ ಕೊನೆಗೆಂದು ಕೂಡಿಟ್ಟರೆ ಆಗುವುದಿಲ್ಲ, ಸೋಮವಾರದ ಪ್ರೂಫ್ ಭಾನುವಾರಕ್ಕೆ ಕಲ್ಲಾಗಿರುತ್ತದೆ. ಎಡಪುಟದಲ್ಲಿ ಇನ್ನೊಂದು ಕೆಲಸವಿದೆ. ಥಿಯರಮ್‌ನ ಒಂದೊಂದು ಷರತ್ತನ್ನೂ ಕಿತ್ತುಹಾಕಿ, ಏನು ಮುರಿಯುತ್ತದೆ ಎಂದು ಒಂದು ಉದಾಹರಣೆ ಬರೆಯಿರಿ. ಕ್ಲೋಸ್ಡ್ ಮತ್ತು ಬೌಂಡೆಡ್ ಇಂಟರ್ವಲ್‌ನಲ್ಲಿ ಕಂಟಿನ್ಯೂಯಸ್ ಫಂಕ್ಷನ್ ಗರಿಷ್ಠ ಬೆಲೆ ಮುಟ್ಟುತ್ತದೆ. ಕ್ಲೋಸ್ಡ್ ಕಿತ್ತರೆ 0 ಮತ್ತು 1ರ ನಡುವೆ 1/ಎಕ್ಸ್. ಬೌಂಡೆಡ್ ಕಿತ್ತರೆ ಸೊನ್ನೆಯಿಂದಾಚೆಗೆ ಬರೀ ಎಕ್ಸ್. ಇಂಟರ್‌ಮೀಡಿಯೇಟ್ ವ್ಯಾಲ್ಯೂ ಥಿಯರಮ್‌ನಲ್ಲಿ (ಕಂಟಿನ್ಯೂಯಸ್ ಫಂಕ್ಷನ್ ಎರಡು ಬೆಲೆಗಳ ನಡುವಿನ ಎಲ್ಲ ಬೆಲೆಗಳನ್ನೂ ಮುಟ್ಟುತ್ತದೆ ಅನ್ನುವುದು) ರಿಯಲ್ ಸಂಖ್ಯೆ ತೆಗೆದು ರ‍್ಯಾಷನಲ್ ಮಾತ್ರ ಇಟ್ಟರೆ ಎಕ್ಸ್-ವರ್ಗ − 2: 1ರಲ್ಲಿ −1, 2ರಲ್ಲಿ +2, ನಡುವೆ ಸೊನ್ನೆ ಇಲ್ಲವೇ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಕ್ಕೆ ಬರುವ ‘ಉದಾಹರಣೆ ಕೊಡಿ’ಗಳಲ್ಲಿ ಬಹುಪಾಲು ಈ ಪುಟಗಳಲ್ಲೇ ತಯಾರಾಗಿರುತ್ತವೆ.

ಇನ್ನು ಮೇಷ್ಟ್ರು. ಅವರ ‘ಕ್ಲಿಯರ್ಲಿ’ ಅನ್ನುವುದಕ್ಕೆ ಸಾಮಾನ್ಯವಾಗಿ ‘ಎರಡು ಸಾಲಿನ ಬೀಜಗಣಿತವಿದೆ, ಬರೆಯಲು ಸಮಯವಿಲ್ಲ’ ಎಂದರ್ಥ. ‘ಸಫಿಶಿಯೆಂಟ್ಲಿ ಲಾರ್ಜ್’ ಅಂದಾಗ ಒಂದು ಕೆ ಅಡಗಿ ಕೂತಿದೆ, ಅದನ್ನು ಹೊರಗೆಳೆದು ಬರೆಯಬೇಕು. ‘ಸಿಮಿಲರ್ಲಿ’ ಅಂದಲ್ಲಿ ಹುಷಾರು. ನೆಗೆಟಿವ್ ಸಂಖ್ಯೆಯಿಂದ ಗುಣಿಸಿದಾಗ ಅಸಮತೆಯ ಚಿಹ್ನೆ ತಿರುಗುವುದು ಅಲ್ಲೇ ತಪ್ಪಿಹೋಗುತ್ತದೆ.

ಸ್ಟಾಫ್ ರೂಮಿಗೆ ಹೋಗಿ ‘ಸರ್, ಏನೂ ಅರ್ಥ ಆಗ್ಲಿಲ್ಲ’ ಅಂದರೆ ಅವರು ಮತ್ತೆ ಅದೇ ಫೇರ್ ಕಾಪಿ ಹೇಳುತ್ತಾರೆ, ಬೇರೇನು ಮಾಡಿಯಾರು? ನೋಟ್‌ಬುಕ್ ಬಿಚ್ಚಿ, ಸಾಲಿನ ಮೇಲೆ ಬೆರಳಿಟ್ಟು ಕೇಳಿ: ‘ಸರ್, ಇಲ್ಲಿ ಕೆ ಏಳಕ್ಕಿಂತ ಕಡಿಮೆ ಇರಬಾರದು ಅಂದ್ರಿ. ಎಪ್ಸಿಲಾನ್ ಚಿಕ್ಕದಿದ್ರೆ ಆ ಷರತ್ತು ತಾನಾಗೇ ಬರುತ್ತಲ್ಲ, ಮತ್ತೆ ಯಾಕೆ ಬೇಕು?’ ಇದು ಒಳ್ಳೆಯ ಪ್ರಶ್ನೆ, ಎರಡು ನಿಮಿಷದಲ್ಲಿ ಉತ್ತರ ಸಿಗುವ ಪ್ರಶ್ನೆ. ಪಾಠ ಮುಗಿದು ಡಸ್ಟರ್ ಎತ್ತುವ ಮುಂಚಿನ ಐದು ನಿಮಿಷ ಇದಕ್ಕೆ ಪ್ರಶಸ್ತ, ಬೋರ್ಡೂ ಇರುತ್ತದೆ, ಅವರ ತಲೆಯಲ್ಲಿ ಪಾಠವೂ ಇರುತ್ತದೆ.

ಹೀಗೆ ಕೇಳಿದರೆ ಇನ್ನೊಂದು ವಿಷಯವೂ ಬಯಲಾಗುತ್ತದೆ. ‘ಈ ಷರತ್ತು ತೆಗೆದರೆ ಏನಾಗುತ್ತೆ ಸರ್?’ ಅಂದಾಗ ತಕ್ಷಣ ಸೀಮೆಸುಣ್ಣ ಹಿಡಿದು ಉದಾಹರಣೆ ಬರೆಯುವವರು ವಿಷಯ ಬಲ್ಲವರು, ಅವರ ಅವಸರ ಸಿಲಬಸ್ ಮುಗಿಸುವ ಅವಸರ. ಅವರನ್ನು ಬಿಡಬೇಡಿ. ‘ಅದು ಸಿಲಬಸ್‌ನಲ್ಲಿಲ್ಲ’ ಎಂಬ ಉತ್ತರವೇ ಮೂರು ಸಲ ಬಂದರೆ ಹಳೆಯ ನೋಟ್ಸ್ ಬೋರ್ಡಿಗೆ ಏರುತ್ತಿದೆ ಎಂದು ತಿಳಿಯಿರಿ. ಆಗ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಉಚಿತವಾಗಿ ಸಿಗುವ ರಿಯಲ್ ಅನಾಲಿಸಿಸ್ ಪಾಠಗಳನ್ನು ನೋಡಿ. ಇಂಗ್ಲಿಷ್‌ನಲ್ಲಿದ್ದರೂ ನಿಲ್ಲಿಸಿ ನಿಲ್ಲಿಸಿ ನೋಡಬಹುದಲ್ಲ. ಹಾಜರಿ ಮಾತ್ರ ತಪ್ಪಿಸಬೇಡಿ, ಆ ಪೇಪರ್ ತಿದ್ದುವವರ ಬರವಣಿಗೆಯ ರೀತಿ ಗೊತ್ತಿರಬೇಕು. ಎಂ.ಎಸ್ಸಿ.ಗೆ ಐಐಟಿ ಜಾಮ್ ಪ್ರವೇಶ ಪರೀಕ್ಷೆ ಬರೆಯುವ ಯೋಚನೆಯಿದ್ದರೆ ಸೀಕ್ವೆನ್ಸ್, ಸೀರೀಸ್ ಅಲ್ಲೂ ಸಿಲಬಸ್‌ನಲ್ಲಿವೆ.

ಪರೀಕ್ಷೆಯಲ್ಲಿ ಪ್ರೂಫ್ ನಡುವೆ ನಿಂತುಹೋದರೆ ಗೋಜಲು ಮಾಡಿ ಮುಚ್ಚಿಹಾಕಬೇಡಿ. ಮೇಲೆ ಕೊಟ್ಟಿರುವುದನ್ನು ಡೆಫಿನಿಷನ್ ಬಿಡಿಸಿ ಬರೆಯಿರಿ, ಕೆಳಗೆ ಸಾಧಿಸಬೇಕಾದದ್ದನ್ನು ಬಿಡಿಸಿ ಬರೆಯಿರಿ, ನಡುವಿನ ಎರಡು ಸಾಲು ಬಿಡಿ. ಅರ್ಧ ಸಲ ಹಾಗೆ ಬರೆದಾಗಲೇ ನಡುವಿನದು ಹೊಳೆಯುತ್ತದೆ, ಹೊಳೆಯದಿದ್ದರೂ ಡೆಫಿನಿಷನ್‌ಗೆ ಅಂಕ ಕೊಡುವವರೇ ಹೆಚ್ಚು. ಸಾಧಿಸಬೇಕಾದದ್ದನ್ನೇ ಮೊದಲ ಸಾಲಿನಲ್ಲಿ ನಿಜವೆಂದು ಹಿಡಿದು ಹೊರಟರೆ ಮಾತ್ರ ಏನೂ ಸಿಗುವುದಿಲ್ಲ. ರಫ್ ಹಾಳೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ ಎಂದೆನಲ್ಲ, ಅದನ್ನು ಹಾಗೇ ಫೇರ್ ಮಾಡಿದರೆ ಆಗುವ ತಪ್ಪು ಇದೇ.

ಎಂಟು ವಾರವನ್ನು ಶುರು ಮಾಡಲು ಹೊಸ ಅಧ್ಯಾಯ ಬೇಡ. 20ಕ್ಕೆ 7 ಬಂದ ಬ್ಲೂ ಬುಕ್ ತೆಗೆಯಿರಿ. ಒಂದೊಂದು ಉತ್ತರದಲ್ಲೂ ಮೊದಲು ತಪ್ಪಿದ ಸಾಲು ಯಾವುದೆಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಪಕ್ಕದಲ್ಲಿ ಬರೆಯಿರಿ: ಎಪ್ಸಿಲಾನ್ ನಾನೇ ಆರಿಸಿದೆನೇ, ಷರತ್ತು ಬಿಟ್ಟೆನೇ, ಥಿಯರಮ್ ತಿರುವುಮುರುವಾಗಿ ಬಳಸಿದೆನೇ, ಬರೀ ಕೂಡುವ ಕಳೆಯುವ ತಪ್ಪೇ. ಹೋದ 13 ಅಂಕಗಳಲ್ಲಿ ಹೆಚ್ಚಿನವು ಒಂದೋ ಎರಡೋ ಕಾರಣಕ್ಕೇ ಹೋಗಿರುತ್ತವೆ. ಆ ಪೆನ್ಸಿಲ್ ಗುರುತುಗಳಿರುವ ಬ್ಲೂ ಬುಕ್ ಹಿಡಿದು ಸ್ಟಾಫ್ ರೂಮಿಗೆ ಹೋಗಿ.